ಠರಾವಿನೊಳಗಿನ ಎಣ್ಣಿ

ನಮ್ಮ ಮನೆಯಲ್ಲಿ ಎಣ್ಣೆಗೆ ಒಂದೇ ಹೆಸರು ಯಾವತ್ತೂ ಇರಲಿಲ್ಲ. ಒಗ್ಗರಣೆಗೆ ಒಳ್ಳೆಣ್ಣಿ, ದೇವರ ಜಗಲಿಯ ದೀಪಕ್ಕೆ ಕುಸುಬಿ ಎಣ್ಣಿ, ತಲೆಗೆ ಕೊಬ್ಬರಿ ಎಣ್ಣಿ, ಹಿತ್ತಲ ಮೂಲೆಯ ಹಳೆಯ ಡಬ್ಬಿಯಲ್ಲಿ ತಳ ಹಿಡಿದು ಕೂತ ಚಿಮಣಿ ಎಣ್ಣಿ. ಮದುವೆಯಾಗಿ ಕುಂದಗೋಳ ತಾಲೂಕಿನ ಈ ಊರಿಗೆ ಬಂದ ಹೊಸದರಲ್ಲಿ ಒಲೆಯ ಮುಂದೆ ನಿಂತು, "ಅತ್ತ್ಯಾರ, ಎಣ್ಣಿ ಎಲ್ಲೈತ್ರಿ?" ಎಂದು ಕೇಳಿದ್ದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, "ಒಳ್ಳೆಣ್ಣಿ ಅನ್ನವಾ," ಎಂದರು. ಸಿಟ್ಟೇನೂ ಇರಲಿಲ್ಲ. ತಪ್ಪು ಮಗ್ಗಿ ಹೇಳಿದ ಮಗುವನ್ನು ತಿದ್ದುವ ದನಿ.

ಹಿಂದೆ ಮುಂದೆ ಏನೂ ಇಲ್ಲದ ಬರೀ ಎಣ್ಣಿ ಅಂದರೆ ಅವರ ಪ್ರಕಾರ ಕುಡಿಯುವ ಎಣ್ಣೆ. ಕುಡುಕರು ಚೇಷ್ಟೆಗೆ ಇಟ್ಟ ಹೆಸರನ್ನು ಅತ್ತೆ ಖರೇನ ತೆಗೆದುಕೊಂಡುಬಿಟ್ಟಿದ್ದರು. ನಮ್ಮ ಕಡೆ ಅದಕ್ಕೆ ಶೆರೆ ಎನ್ನುತ್ತಾರೆ, ಸಾರಾಯಿ ಎನ್ನುತ್ತಾರೆ. ಆ ಎರಡು ಶಬ್ದಗಳು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಬಾಯಿ ಮೈಲಿಗೆ ಮಾಡಿಕೊಳ್ಳುವುದು ಬೇಡ ಅಂತಿರಬೇಕು ಎಂದುಕೊಂಡೆ. ಪಕ್ಕದೂರಿನ ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು. ಒಂದು ವಸ್ತುವಿಗೆ ಹೆಸರಿದ್ದ ಮೇಲೆ ಆ ಹೆಸರಿನಿಂದಲೇ ಕರೆಯಬೇಕು ಅನ್ನುವ ಹಟ ನನ್ನದು. ಆದರೆ ಅತ್ತೆಯ ಎದುರು ಹಟ ಹಿಡಿಯುವಷ್ಟು ಸಲಿಗೆ ಆಗ ಇರಲಿಲ್ಲ. ನಾನೂ ಒಳ್ಳೆಣ್ಣಿ ಎನ್ನತೊಡಗಿದೆ.

ಅತ್ತೆ ಊರಿಗೆಲ್ಲ ಅಕ್ಕಾರು. ಪ್ರತಿ ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಹೆಂಗಸರು ಸೇರಿ ವಚನ ಹಾಡುತ್ತಾರೆ. ಹಾಡು ಮುಗಿದ ಮೇಲೆ ಊರಿನ ಅರ್ಧ ವ್ಯಾಜ್ಯಗಳು ಅಲ್ಲೇ ಬಗೆಹರಿಯುತ್ತವೆ. ನಾನು ಬಂದು ಒಂದೆರಡು ವರ್ಷಕ್ಕೆ, ಬಸ್ ಸ್ಟ್ಯಾಂಡಿನ ಬಾಜೂಕಿನ ಪಾನ್ ಅಂಗಡಿಯಲ್ಲಿ ಕದ್ದು ಮಾರುತ್ತಿದ್ದ ಶೆರೆ ಪಾಕೀಟಿನ ಮಾತು ಅಲ್ಲಿ ಎದ್ದಿತು. ಮಾತು ಎದ್ದದ್ದಷ್ಟೇ ಅಲ್ಲ, ಮರುದಿನ ಹೆಂಗಸರೂ ಎದ್ದರು. ಕೈಯಲ್ಲಿ ಕಸಬಾರಿಗೆ ಹಿಡಿದು ಅಂಗಡಿಯ ಮುಂದೆ ಕೂತರು, ಅಂಗಡಿಯವನು ಕದ ಹಾಕಿದ, ಮತ್ತೆ ತೆರೆದಾಗ ಪಾಕೀಟು ಇರಲಿಲ್ಲ. ಅತ್ತೆಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಗ್ರಾಮಸಭೆಯಲ್ಲಿ ಠರಾವು ಆಗಬೇಕು, ಬರೆದಿಟ್ಟರೆ ನಾಳೆ ಯಾರೂ ಇಲ್ಲ ಅನ್ನುವಂತಿಲ್ಲ ಎಂದರು.

ಗ್ರಾಮಸಭೆಯಲ್ಲಿ ಪಂಚಾಯ್ತಿಯ ಪಿಡಿಒ ಪೆನ್ನು ಹಿಡಿದು, "ಏನಂತ ಬರಕೊಳ್ಳಲಿ, ಅಕ್ಕಾರ?" ಎಂದ.

"ಈ ಊರಾಗ ಯಾರೂ ಮನ್ಯಾಗಾಗಲಿ ಅಂಗಡ್ಯಾಗಾಗಲಿ ಎಣ್ಣಿ ಮಾಡಬಾರದು, ಇಡಬಾರದು, ಮಾರಬಾರದು ಅಂತ ಬರೀರಿ."

"ಹಂಗಂದ್ರ ಒಗ್ಗರಣಿಗೆ ಏನ್ ಹಾಕೂದ್ರಿ?" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಪಿಡಿಒ ಅವರ ಮುಖ ನೋಡಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡ. ಆಗ ನನಗೂ ಅದು ತಮಾಷೆಯಾಗಿಯೇ ಕಂಡಿತ್ತು. ಅರ್ಥ ಎಲ್ಲರಿಗೂ ಗೊತ್ತಿದ್ದಾಗ ಶಬ್ದ ಯಾವುದಾದರೇನು ಎಂದು ಊರು ಎದ್ದು ಮನೆಗೆ ಹೋಯಿತು. ಅಂದಿನಿಂದ ಅದಕ್ಕೆ ಎಣ್ಣಿ ಠರಾವು ಅಂತಲೇ ಹೆಸರು.

ಇನ್ನು ಮಾವನವರ ಕಡೆ ಬರುತ್ತೇನೆ. ಅವರು ಕಾಯದೆಯ ಮನುಷ್ಯ. ಮನೆಯ ಮುಂದಿನ ಖಾಲಿ ರಸ್ತೆಯಲ್ಲೂ ಚಕ್ಕಡಿಯನ್ನು ಎಡಕ್ಕೇ ಹೊಡೆಯುವವರು. ನಮ್ಮ ಹೊಲದಲ್ಲೊಂದು ಕೃಷಿ ಹೊಂಡವಿದೆ. ಮೆಣಸಿನ ಗಿಡ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಆ ಹೊಂಡದ ನೀರನ್ನು ಡೀಸೆಲ್ ಎಂಜಿನ್ನಿನಿಂದ ಎತ್ತಿ ಹಾಯಿಸುತ್ತೇವೆ. ಆ ಎಂಜಿನ್ ಅಂದರೆ ಮಾವನವರಿಗೆ ಜೀವ. ಒಮ್ಮೆ ಧಾರವಾಡದಲ್ಲಿ ರೈತರಿಗೆ ಕೊಡುವ ಯಾವುದೋ ತರಬೇತಿಗೆ ಹೋಗಿ ಬಂದವರು, ಬರುವಾಗ ಕೈಯಲ್ಲೊಂದು ಬಾಟಲಿ ಹಿಡಿದುಕೊಂಡು ಬಂದರು. ಒಳಗೆ ಜೇನುತುಪ್ಪದ ಬಣ್ಣದ ಏನೋ ಒಂದು.

"ಇದು ಡೀಸೆಲ್, ಯವ್ವಾ," ಎಂದು ನನಗೆ ತೋರಿಸಿದರು. "ಹೊಂಗಿ ಬೀಜದ್ದು. ನಮ್ಮ ಬದುವಿನ ಮ್ಯಾಲ ಬಿದ್ದು ಹಾಳಾಗಿ ಹೊಕ್ಕೈತಲ್ಲ, ಅದ ಬೀಜ."

ಹೊಂಗೆ ಎಣ್ಣೆಯೇ ಆಗಬೇಕೆಂದಿಲ್ಲ, ಮಿರ್ಚಿ ಭಜಿ ಕರಿದು ಕಪ್ಪಾದ ಎಣ್ಣೆಯಾದರೂ ನಡೆಯುತ್ತದಂತೆ. ಎಣ್ಣೆಯನ್ನು ಸ್ವಲ್ಪ ಕಾಸಿ, ಮೆಥನಾಲ್ ಅನ್ನುವ ದ್ರವದಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ ಅದಕ್ಕೆ ಸೇರಿಸಿ ತಿರುವಬೇಕು. ಆಮೇಲೆ ಅಲುಗಾಡಿಸದೆ ಬಿಟ್ಟರೆ ಕೆಳಗೆ ಕಾಕಂಬಿಯಂಥದ್ದು ಕೂರುತ್ತದೆ, ಮೇಲೆ ಡೀಸೆಲ್ ನಿಲ್ಲುತ್ತದೆ. ತರಬೇತಿಯವರು ಕೊಟ್ಟಿದ್ದ ಒಂದಿಷ್ಟು ಮೆಥನಾಲ್‌ನಲ್ಲಿ ಮಾವನವರು ಹಿತ್ತಲಲ್ಲಿ ಒಂದು ಕೊಡದಷ್ಟು ಮಾಡಿಯೂಬಿಟ್ಟರು. ಎಂಜಿನ್ ಹೊತ್ತಿತು, ನೀರೂ ಬಂತು. ಹೊಲದ ತುಂಬ ಭಜಿ ಕರಿದ ವಾಸನೆ. ದಾರಿಯಲ್ಲಿ ಹೋಗುವವರು ನಿಂತು, "ಏನ್ ಕಾರ್ಯ ಇಟಗೊಂಡೀರಿ?" ಎಂದು ಕೇಳಿ ಹೋದರು. ಮಾವನವರು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಎರಡನೇ ಸಲಕ್ಕೆ ಮೆಥನಾಲ್ ತರಲು ಹುಬ್ಬಳ್ಳಿಗೆ ಹೋದರೆ ಅಂಗಡಿಯವನು ಪರವಾನಗಿ ಕೇಳಿದ. ಅದೂ ಅಲ್ಕೋಹಾಲ್ ಜಾತಿಯದೇ, ಆದರೆ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಹಾಗಾಗಿ ಬಂದವರಿಗೆಲ್ಲ ಕೊಡುವಂತಿಲ್ಲ. ನನ್ನ ಗಂಡ, "ಯಾರ ಕಡಿಂದರ ತರಿಸೂಣು ಬಿಡಪಾ, ಮನಿ ಮಟ್ಟಿಗೆ ಮಾಡೂದಕ್ಕ ಯಾರ್ ಕೇಳ್ತಾರ?" ಎಂದರು.

"ಕೇಳೂದಿಲ್ಲಂತ ಮಾಡೂದಕ್ಕ ಕಳವು ಅಂತಾರ," ಎಂದರು ಮಾವ. ಮರುದಿನವೇ ಅಂಗಿಯ ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು ಬಸ್ಸು ಹತ್ತಿದರು.

ಮನೆಯಲ್ಲಿ ಇಂಧನ ಮಾಡಲು ಯಾರ ಪರವಾನಗಿ ಬೇಕು ಎಂಬುದು ಹುಡುಕಿದಷ್ಟೂ ದೂರ ಹೋಗುವ ಪ್ರಶ್ನೆ. ಒಂದು ಕಚೇರಿಯಲ್ಲಿ, ಮಾರುವುದಾದರೆ ನಮ್ಮ ಬಳಿ ಬನ್ನಿ, ಸ್ವಂತಕ್ಕಾದರೆ ನಮಗೆ ಸಂಬಂಧವಿಲ್ಲ ಎಂದರು. ಮತ್ತೊಂದರಲ್ಲಿ, ಸಂಗ್ರಹ ಹೆಚ್ಚಿದ್ದರೆ ನಮ್ಮದು, ಕಡಿಮೆಯಿದ್ದರೆ ಅಲ್ಲ, ಆದರೂ ಅಲ್ಲಿ ಒಂದು ಮಾತು ಕೇಳಿ ನೋಡಿ ಎಂದು ಇನ್ನೊಂದು ಬಾಗಿಲು ತೋರಿಸಿದರು. ಆಗುತ್ತದೆ ಅಂತಲೂ ಇಲ್ಲ, ಆಗುವುದಿಲ್ಲ ಅಂತಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರಗಳು. ಯಾರೂ ಒರಟಾಗಿ ಮಾತಾಡಲಿಲ್ಲ, ಚಹಾ ಕೂಡ ಕುಡಿಸಿದರಂತೆ. ಕೊನೆಗೆ ಎಲ್ಲ ದಾರಿಗಳೂ ಮೆಥನಾಲ್‌ಗೆ ಬಂದು ಮುಟ್ಟಿದವು. ಮೆಥನಾಲ್‌ನ ದಾರಿ ಅಬಕಾರಿಯವರ ಮುಂದೆ ಹೋಗಿ ನಿಂತಿತು. ಅಬಕಾರಿ ಅಂದರೆ ಶೆರೆ ಹಿಡಿಯುವವರು ಅಂತಷ್ಟೇ ನಮ್ಮ ಊರಿಗೆ ಗೊತ್ತು.

ಅವರು ಜಾಗ ನೋಡಲು ಬರುತ್ತೇವೆ ಎಂದಿದ್ದರು. ಬಂದದ್ದು ಸೋಮವಾರ ಸಂಜೆ. ಪಡಸಾಲೆಯಲ್ಲಿ ಹೆಂಗಸರು ಕಣ್ಣು ಮುಚ್ಚಿ ಹಾಡುತ್ತಿದ್ದರು, ಹೊರಗೆ ಜೀಪು ನಿಂತಿತು. ಖಾಕಿ ತೊಟ್ಟ ಇಬ್ಬರು ಹಾಡುವವರನ್ನು ದಾಟಿಕೊಂಡು ಹಿತ್ತಲಿಗೆ ಹೋದರು. ಕೊಡ ನೋಡಿದರು, ಎಣ್ಣೆ ಕಾಸುವ ಒಲೆ ನೋಡಿದರು, ಮೆಥನಾಲ್‌ನ ಖಾಲಿ ಕ್ಯಾನಿನ ಮುಚ್ಚಳ ತೆಗೆದು ದೂರದಿಂದಲೇ ಮೂಸಿದರು. ಪಂಚಾಯ್ತಿಯಿಂದ ತಕರಾರು ಇಲ್ಲ ಅನ್ನುವ ಪತ್ರ ತನ್ನಿ, ಮುಂದಿನದು ನೋಡೋಣ ಎಂದು ಹೇಳಿ ಹೋದರು. ಇದ್ದದ್ದು ಇಷ್ಟೇ. ಆದರೆ ಜೀಪು ಊರ ಅಗಸಿ ದಾಟುವುದರೊಳಗೆ ಪಾನ್ ಅಂಗಡಿಯವನು ಬಂದವರಿಗೆಲ್ಲ ಎಲೆ ಅಡಿಕೆಯ ಜೊತೆ ಸುದ್ದಿಯನ್ನೂ ಕಟ್ಟಿ ಕೊಟ್ಟಿದ್ದ: "ಅಕ್ಕಾರ ಮನ್ಯಾಗ ಎಣ್ಣಿ ಮಾಡ್ತಾರಂತ್ರಿ, ಅಬಕಾರ್ಯಾರು ಬಂದು ನೋಡಿ ಹೋದ್ರು."

ಅವನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ ಅನ್ನುವುದೇ ನನಗೆ ಹೆಚ್ಚು ಸಿಟ್ಟು ಬರಿಸಿತು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಮುಂದಿನ ಸೋಮವಾರ ಹಾಡಲು ಬಂದವರು ಇಬ್ಬರೇ. ಒಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇನ್ನೊಬ್ಬರು ಪಕ್ಕದ ಮನೆಯವರು, ಬರದಿದ್ದರೆ ಗೊತ್ತಾಗುತ್ತದೆ ಎಂದು ಬಂದವರು. ಅತ್ತೆ ಆ ಇಬ್ಬರನ್ನು ಕೂರಿಸಿಕೊಂಡು ಎಂದಿನಷ್ಟೇ ಹಾಡಿದರು. ಮುಗಿದ ಮೇಲೆ ಹಾಸಿದ ಚಾಪೆಗಳನ್ನು ಒಂದೊಂದಾಗಿ ತಾವೇ ಸುತ್ತಿದರು.

ಮಾವನವರು ಪಂಚಾಯ್ತಿಗೆ ಅರ್ಜಿ ಕೊಟ್ಟರು. ಪಿಡಿಒ ಅದೇ ಮನುಷ್ಯ, ಬದಲಿಯಾಗಿರಲಿಲ್ಲ. ಅರ್ಜಿ ಓದಿ, ಹಳೆಯ ಠರಾವು ತೆಗೆದು, ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು ತಲೆ ಕೆರೆದುಕೊಂಡನಂತೆ. ಅರ್ಜಿಯಲ್ಲಿ ಮನೆಯಲ್ಲಿ ಎಣ್ಣೆಯಿಂದ ಇಂಧನದ ಎಣ್ಣೆ ಮಾಡಲು ಎಂದಿದೆ. ಠರಾವಿನಲ್ಲಿ ಮನೆಯಲ್ಲಿ ಯಾರೂ ಎಣ್ಣಿ ಮಾಡಬಾರದು, ಇಡಬಾರದು ಎಂದಿದೆ.

"ಕಾಕಾ, ಇದರ ಅರ್ಥ ನನಗ ಗೊತ್ತೈತ್ರಿ," ಎಂದನಂತೆ. "ಆದ್ರ ನಾ ಅರ್ಥ ನೋಡಿ ಪತ್ರಾ ಕೊಡಾಕ ಬರೂದಿಲ್ರಿ, ಅಕ್ಷರ ನೋಡಿ ಕೊಡಬೇಕು. ಗ್ರಾಮಸಭ್ಯಾಗ ಠರಾವು ತಿದ್ರಿ. ಮಂಡಿಸಿದವರು ಅಕ್ಕಾರು, ಅವರ ಎದ್ದು ಹೇಳಲಿ. ಎಣ್ಣಿ ಅನ್ನೂದು ತಗದು ಇದ್ದ ಹೆಸರು ಹಾಕಿದ್ರ ಮುಗೀತು."

ಮಾವನವರು ಮನೆಗೆ ಬಂದು ಇದನ್ನೆಲ್ಲ ನನ್ನ ಎದುರಿಗೇ ಅತ್ತೆಗೆ ಹೇಳಿದರು. ಇದಕ್ಕಿಂತ ಸುಲಭದ ಕೆಲಸ ಯಾವುದಿದೆ? ನಾನು ಉತ್ಸಾಹದಿಂದ, "ಅಷ್ಟ ಅಲ್ಲೇನ್ರಿ ಅತ್ತ್ಯಾರ, ಎಣ್ಣಿ ಬದಲಿ ಶೆರೆ ಅಂತ ಹೇಳಿಬಿಡ್ರಿ," ಎಂದೆ. ಅತ್ತೆ ನನ್ನನ್ನು ನೋಡಿದರು. ಎದ್ದು ಒಳಗೆ ಹೋಗಿ ಅಕ್ಕಿ ಆರಿಸತೊಡಗಿದರು. ಅಂದು ಅಕ್ಕಿಯ ಅಗತ್ಯವೇ ಇರಲಿಲ್ಲ, ರೊಟ್ಟಿ ಆಗಿತ್ತು.

ನನಗೆ ರೇಗಿತು. ಒಂದು ಶಬ್ದಕ್ಕೆ ಇಷ್ಟು ಮಡಿಯೇ ಎಂದು ಮಾವನವರ ಮುಂದೆ ಅಂದೇಬಿಟ್ಟೆ. ಅವರು, "ಮಡೀ ಅಲ್ಲ ಯವ್ವಾ ಅದು," ಎಂದರು. "ಆಕೀ ತಮ್ಮ ಇದ್ದನಲ್ಲ, ನಿಮ್ಮ ಲಗ್ನಕಿಂತ ಮೊದಲ ತೀರಿಕೊಂಡವ. ಅವನ್ನ ಈಕೀನ ಎತ್ತಿ ಆಡಿಸಿ ಬೆಳಿಸಿದಾಕಿ. ಕುಡದು ಕುಡದು ಸತ್ತ. ಈಕಿ ಊರಿಗೆಲ್ಲ ಎದಿನೋವು ಅಂತ ಹೇಳಿದ್ಲು. ನನ್ನ ಮುಂದನೂ ಹಂಗ ಅಂದ್ಲು. ನಾನೂ ಹೂಂ ಅಂದೆ. ಅವತ್ತಿನಿಂದ ಆ ಶಬ್ದ ಆಕೀ ಬಾಯಾಗ ಬಂದಿಲ್ಲ."

ಅತ್ತೆಯ ತಮ್ಮನ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟೇ: ಪ್ರತಿ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆದೊಯ್ಯಲು ತಪ್ಪದೇ ಬರುತ್ತಿದ್ದ, ಎದೆನೋವಿನಿಂದ ಹೋದ. ಪಂಚಮಿಯ ದಿನ ಅತ್ತೆ ಉಂಡಿ ಕಟ್ಟಿ ಡಬ್ಬಿ ತುಂಬಿ ಬಾಗಿಲ ಬಳಿ ಒಂದಿಷ್ಟು ಹೊತ್ತು ಸುಮ್ಮನೆ ಕೂರುವುದನ್ನು ನೋಡಿದ್ದೆ. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಮನೆಯಲ್ಲಿ ಇಷ್ಟು ವರ್ಷ ಇದ್ದೂ ಇದು ನನಗೆ ಗೊತ್ತಿರಲಿಲ್ಲ.

ಆ ವಾರ ಅತ್ತೆ ಮಾವನವರ ನಡುವೆ ಜಗಳವೇನೂ ಆಗಲಿಲ್ಲ. ಮಾವನವರು ಕ್ಯಾನನ್ನು ದನದ ಗೋದಲಿಯ ಹಿಂದೆ ಇಟ್ಟು, "ಬ್ಯಾಡಂದ್ರ ಬಿಡ್ತೀನಿ," ಎಂದರು. ಅತ್ತೆ, "ಬ್ಯಾಡ ಅಂದೇನಿ ನಾ?" ಎಂದರು. ಅರ್ಜಿಯನ್ನು ಮಾವ ಹಿಂದೆ ತೆಗೆದುಕೊಳ್ಳಲಿಲ್ಲ, ಸಭೆಯಲ್ಲಿ ಏನು ಮಾಡುತ್ತೇನೆಂದು ಅತ್ತೆ ಹೇಳಲಿಲ್ಲ. ಇತ್ತ ಪಾನ್ ಅಂಗಡಿಯವನು ಮಾವನವರಿಗೆ ಬಹಳ ಬೆಂಬಲವಾಗಿಬಿಟ್ಟ. "ಪಾಪ, ಹಿರ್ಯಾರು ಡೀಸೆಲ್ ಮಾಡ್ಕೋತಾರ, ಎಣ್ಣಿ ಅನ್ನೂ ಕಲಮ ತಗದ ಬಿಡ್ರಿ," ಎಂದು ಕಂಡವರಿಗೆಲ್ಲ ಹೇಳತೊಡಗಿದ. ಆ ಕಲಮು ಹೋದರೆ ಅವನ ಪಾಕೀಟುಗಳಿಗೆ ದಾರಿ ಬಿಡುಗಡೆಯಾಗುತ್ತದೆ ಎಂದು ತಿಳಿಯಲು ಶಾಲೆ ಕಲಿಯಬೇಕಾಗಿರಲಿಲ್ಲ. ಅಂದರೆ ಅತ್ತೆ ಸುಮ್ಮನಿದ್ದರೆ ಗಂಡನ ಕೆಲಸ ನಿಲ್ಲುತ್ತದೆ, ಕಲಮು ತೆಗೆಸಿದರೆ ಬಾರಿಗೆ ಹಿಡಿದು ಕೂತದ್ದು ನೀರಲ್ಲಿ ಹೋಮ ಮಾಡಿದಂತಾಗುತ್ತದೆ. ಉಳಿದದ್ದು ಅವರು ಹೇಳಲೊಲ್ಲದ ಶಬ್ದ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಇಂಥ ಸಭೆಗೆ ಅಷ್ಟು ಜನ ಬಂದದ್ದನ್ನು ನಾನು ಕಂಡಿಲ್ಲ. ಕುಡಿಯುವ ನೀರಿನ ಮಾತಿಗೂ ಬಾರದವರು ಎಣ್ಣಿಯ ಮಾತಿಗೆ ಬಂದಿದ್ದರು. ಸೋಮವಾರ ತಪ್ಪಿಸಿಕೊಂಡ ಹೆಂಗಸರೂ ಒಂದು ಬದಿ ಕೂತಿದ್ದರು. ಅತ್ತೆ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದರು. ಬರುತ್ತಾರೋ ಇಲ್ಲವೋ ಎಂದು ಬೆಳಿಗ್ಗೆಯವರೆಗೂ ನಮಗೆ ಗೊತ್ತಿರಲಿಲ್ಲ.

ಪಿಡಿಒ ಹಳೆಯ ಠರಾವು ಓದಿದ. ಈ ಸಲ ಒಗ್ಗರಣೆಯ ಮಾತು ಯಾರೂ ಎತ್ತಲಿಲ್ಲ. "ಎಣ್ಣಿ ಅನ್ನೂದರ ಬದಲಿ ಏನಂತ ಬರೀಬೇಕ್ರಿ, ಅಕ್ಕಾರ?" ಎಂದ.

ಅತ್ತೆ ಎದ್ದು ನಿಂತರು. ಸೆರಗು ಎಳೆದುಕೊಂಡರು, ಮತ್ತೊಮ್ಮೆ ಎಳೆದುಕೊಂಡರು. ಪಿಡಿಒ ತಾನೇ ಸಹಾಯಕ್ಕೆ ಬಂದ: "ಸಾರಾಯಿ ಅಂತ ಬರೀಲ್ರಿ?"

"ಸಾರಾಯಿ ಸರ್ಕಾರದಾವರ ಯಾವಾಗೋ ಬಂದ್ ಮಾಡ್ಯಾರಲ್ರಿ," ಎಂದು ಪಾನ್ ಅಂಗಡಿಯವನು ಎದ್ದ. "ಈಗ ಬರೂದು ಪಾಕೀಟು, ಬಾಟ್ಲಿ. ಅದು ಸಾರಾಯಿ ಅಲ್ಲ, ಅದರ ಹೆಸರು ಬ್ಯಾರೇನ ಐತಿ. ಯಾವುದನ್ನ ಬಂದ್ ಮಾಡೂದು ಅಂತ ಅಕ್ಕಾರು ಸ್ಪಷ್ಟ ಹೇಳಲಿ. ಅವರಿಗೇನು ಗೊತ್ತಿರತೈತಿ ಪಾಪ, ಅವರ ಮನ್ಯಾಗ ಅದನ್ನ ಯಾರೂ ಕಂಡವರಲ್ಲ."

ನಾಲ್ಕು ಜನ ನಕ್ಕರು. ನಾನು ಏಳಲು ಹೋದೆ. ಮಾವನವರು ದೂರದ ಗಂಡಸರ ಸಾಲಿನಿಂದಲೇ ಬೇಡ ಎಂದು ಕೈಸನ್ನೆ ಮಾಡಿದರು.

"ಕಂಡೇನಿ," ಎಂದರು ಅತ್ತೆ. ದನಿ ಮೊದಲು ಸಣ್ಣದಿತ್ತು. "ನನ್ನ ತಮ್ಮನ್ನ ಕೊಂದದ್ದು ಯಾವುದೋ, ಅದನ್ನ ಬರೀರಿ."

ಪಿಡಿಒನ ಪೆನ್ನು ನಿಂತಿತು. ನಗುತ್ತಿದ್ದವರು ಪಕ್ಕದವರ ಮುಖ ನೋಡಿದರು. "ಅಕ್ಕಾರ, ನಿಮ್ಮ ತಮ್ಮಗ ಎದಿನೋವು ಬಂದಿತ್ತಂತ..." ಎಂದು ಹೆಂಗಸರ ಕಡೆಯಿಂದ ಒಬ್ಬರು ಮೆಲ್ಲಗೆ ಅಂದರು.

"ಎದಿನೋವು ನನಗ ಬಂದಿತ್ತವಾ," ಎಂದರು ಅತ್ತೆ. "ಅವ ಶೆರೆ ಕುಡದು ಸತ್ತ. ನಮ್ಮಪ್ಪನ ಹೆಸರು ಕೆಡತೈತಿ ಅಂತ ನಾ ಸುಳ್ಳ ಹೇಳಿದೆ." ಆಮೇಲೆ ಪಿಡಿಒ ಕಡೆ ತಿರುಗಿ, ರೊಟ್ಟಿ ಎಷ್ಟು ಬೇಕು ಎಂದು ಕೇಳುವಷ್ಟು ಸಪಾಟು ದನಿಯಲ್ಲಿ ಹೇಳಿದರು: "ಶೆರೆ. ಪಾಕೀಟಿನಾಗಿರಲಿ ಬಾಟ್ಲ್ಯಾಗಿರಲಿ, ಮ್ಯಾಲ ಏನರ ಹೆಸರು ಬರದಿರಲಿ, ಕುಡದ್ರ ನಿಶೆ ಏರಸೂದೆಲ್ಲಾ ಶೆರೆ. ಅದನ್ನ ಈ ಊರಾಗ ಯಾರೂ ಮಾಡಬಾರದು, ಇಡಬಾರದು, ಮಾರಬಾರದು. ಹಿಂಗ ಬರೀರಿ. ಬರದದ್ದನ್ನ ಒಮ್ಮೆ ಓದಿ ಹೇಳ್ರಿ."

ಪಿಡಿಒ ಬರೆದು ಓದಿದ. ಪಾನ್ ಅಂಗಡಿಯವನು ಕೂತುಬಿಟ್ಟ. ಮೊದಲು ಕೈ ಎತ್ತಿದ್ದು ನಮ್ಮ ಪಕ್ಕದ ಮನೆಯವರು. ಆಮೇಲೆ ಎಲ್ಲ ಹೆಂಗಸರೂ ಎತ್ತಿದರು, ಆಮೇಲೆ ಗಂಡಸರು. ಮಾವನವರ ತಕರಾರಿಲ್ಲದ ಪತ್ರಕ್ಕೂ ಅದೇ ಸಭೆಯಲ್ಲಿ ಒಪ್ಪಿಗೆಯಾಯಿತು. ಆದರೆ ಅವರು ಕೈ ಎತ್ತುವುದನ್ನೂ ಮರೆತು ತಲೆ ತಗ್ಗಿಸಿ ಕೂತಿದ್ದರು. ಹೆಂಡತಿ ಹೇಳಿದ್ದು ಸುಳ್ಳೆಂದು ಗೊತ್ತಿದ್ದೂ ಇಷ್ಟು ವರ್ಷ ಹೂಂ ಅಂದವರು ಅವರೊಬ್ಬರೇ.

ಪರವಾನಗಿಯ ಕಾಗದ ಇನ್ನೂ ಬಂದಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಿದೆ, ನಿಂತಿಲ್ಲ ಅನ್ನುವುದೇ ಮಾವನವರ ಸಮಾಧಾನ. ಆಗಾಗ ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು ಹೋಗಿ ವಿಚಾರಿಸಿ ಬರುತ್ತಾರೆ. ಅಲ್ಲಿಯವರೆಗೆ ಎಂಜಿನ್ನಿಗೆ ಪೇಟೆಯ ಡೀಸೆಲ್ಲೇ. ಸೋಮವಾರದ ಚಾಪೆಗಳು ಮೊದಲಿನಂತೆ ಪೂರ್ತಿ ಹಾಸಿಕೊಳ್ಳುತ್ತಿವೆ.

ಅಂದು ಸಭೆಯಿಂದ ಮನೆಗೆ ಬಂದಾಗ ಸಂಜೆಯಾಗಿತ್ತು. ಅತ್ತೆ ಕೈಕಾಲು ತೊಳೆದು, ಲಿಂಗಕ್ಕೆ ಕೈ ಮುಗಿದು, ನೇರ ಅಡಿಗೆ ಮನೆಗೆ ಬಂದರು. ನೀವು ಕೂತುಕೊಳ್ಳಿ, ನಾನು ಮಾಡುತ್ತೇನೆ ಎಂದರೂ ಕೇಳಲಿಲ್ಲ. ಒಲೆ ಹೊತ್ತಿಸಿ ಸಾರಿನ ಒಗ್ಗರಣೆಗೆ ಬಾಣಲೆ ಇಟ್ಟರು. ಬೆಳ್ಳುಳ್ಳಿ ಜಜ್ಜಿದರು, ಸಾಸಿವೆ ಡಬ್ಬಿ ತೆಗೆದರು. ಕಣ್ಣು ಒದ್ದೆಯಾಗಿದ್ದವು, ಒರೆಸಿಕೊಳ್ಳಲು ಹೋಗಲಿಲ್ಲ. ಆಮೇಲೆ ತಿರುಗಿ ನೋಡದೆ ನನ್ನ ಕಡೆ ಕೈ ಚಾಚಿದರು.

"ಎಣ್ಣಿ ಕೊಡವಾ," ಎಂದರು.

ಯಾವ ಎಣ್ಣಿ ಎಂದು ನಾನು ಕೇಳಲಿಲ್ಲ. ಕೊಟ್ಟೆ.